ಕನ್ನಡ ಪುಸ್ತಕದ ಪುಟ ಜೋಡಿಸಲು ಇನ್‌ಡಿಸೈನ್ ಹೇಗಿದೆ?

ಧಾರವಾಡದಲ್ಲಿ ಮನೆಯಲ್ಲೇ ಕೂತು ಸಣ್ಣ ಪ್ರಕಾಶಕರ ಪುಸ್ತಕಗಳಿಗೆ ಪುಟವಿನ್ಯಾಸ ಮಾಡುತ್ತೇನೆ. ಕಥಾಸಂಕಲನ, ಕವನ ಸಂಕಲನ, ಶಾಲೆಯ ಸ್ಮರಣ ಸಂಚಿಕೆ, ಅಭಿನಂದನ ಗ್ರಂಥ, ಹೀಗೆ ಬಂದದ್ದೆಲ್ಲ ಮಾಡುತ್ತೇನೆ. ಹೆಚ್ಚಿನವು ಡೆಮಿ 1/8 ಅಳತೆ, 70 ಜಿಎಸ್‌ಎಂ ತೂಕದ ಮ್ಯಾಪ್‌ಲಿಥೋ ಕಾಗದ. ಹಳೆಯ ಪೇಜ್‌ಮೇಕರ್ ಬಿಟ್ಟು ಅಡೋಬಿಯ ಪುಟವಿನ್ಯಾಸ ಸಾಫ್ಟ್‌ವೇರ್ ಇನ್‌ಡಿಸೈನ್‌ಗೆ ಬಂದು ಬಹಳ ಕಾಲವಾಯಿತು. ಡಿಟಿಪಿ ಮಾಡುವ ಗೆಳತಿಯರು ಈಗಲೂ ಕೇಳುತ್ತಾರೆ: "ಕನ್ನಡಕ್ಕ ಅದು ಸರಿ ಹೊಂದತದ ಏನು? ಅಷ್ಟು ರೊಕ್ಕ ಕೊಡೂದು ಯೋಗ್ಯನಾ?"

ಇಡೀ ಸಾಫ್ಟ್‌ವೇರ್ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಪುಸ್ತಕ ಓದುವವರ ಕಣ್ಣಿಗೆ ನೇರವಾಗಿ ತಟ್ಟುವುದು ಪಠ್ಯದ ಅಲೈನ್‌ಮೆಂಟ್. ಸಾಲು ಎಲ್ಲಿ ಮುರಿಯುತ್ತದೆ, ಪದಗಳ ನಡುವೆ ಎಷ್ಟು ಜಾಗ ಬೀಳುತ್ತದೆ, ಬಲಗಡೆಯ ಅಂಚು ಹೇಗೆ ನಿಲ್ಲುತ್ತದೆ ಎಂಬುದು. ಅದೊಂದನ್ನೇ ಹಿಡಿದು ಬರೆಯುತ್ತೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಕನ್ನಡ ಗದ್ಯವನ್ನು ಎರಡೂ ಅಂಚಿಗೆ ಸಮವಾಗಿ ನಿಲ್ಲಿಸಲು ನಾನು ಬಳಸಿದ್ದರಲ್ಲಿ ಇದೇ ಉತ್ತಮ. ಆದರೆ ಪೆಟ್ಟಿಗೆಯಿಂದ ತೆಗೆದ ಹಾಗೇ ಬಳಸಿದರೆ ಪುಟ ಚೆನ್ನಾಗಿ ಬರುವುದಿಲ್ಲ. ಅದರಲ್ಲಿರುವ ಅಂಕಿಗಳು ಇಂಗ್ಲಿಷ್ ಪದಗಳ ಅಳತೆಗೆ ಹೊಂದುವಂಥವು. ಕನ್ನಡದ ಅಳತೆ ನಾವೇ ಕೊಡಬೇಕು.

ತೊಂದರೆ ಎಲ್ಲಿದೆ ಅಂತ ಒಂದು ಸಾಲು ತೆಗೆದುಕೊಂಡು ನೋಡೋಣ. ಡೆಮಿ 1/8 ಪುಸ್ತಕದಲ್ಲಿ ಪಠ್ಯದ ಅಗಲ ಸುಮಾರು 4 ಇಂಚು, ಅಂದರೆ 288 ಪಾಯಿಂಟ್. ಅಕ್ಷರದ ಅಳತೆ 12 ಪಾಯಿಂಟ್ ಇಟ್ಟರೆ ಸಾಲಿಗೆ ಆರೇಳು ಪದ ಹಿಡಿಸುತ್ತವೆ. ಐದು ಪದ ಬಂದಾಗಿದೆ, ಇನ್ನು 75 ಪಾಯಿಂಟ್ ಜಾಗ ಉಳಿದಿದೆ ಅಂದುಕೊಳ್ಳಿ. ಮುಂದಿನ ಪದ "ಮಾಡಬೇಕಾಗಿರುವುದರಿಂದ". ಹತ್ತು ಅಕ್ಷರ, ಸುಮಾರು 90 ಪಾಯಿಂಟ್ ಬೇಕು. ಹಿಡಿಸಲ್ಲ. ಪದ ಪೂರ್ತಿ ಕೆಳಗಿನ ಸಾಲಿಗೆ ಹೋಗುತ್ತದೆ. ಉಳಿದ 75 ಪಾಯಿಂಟ್ ನಾಲ್ಕು ಸಂದುಗಳಿಗೆ ಹಂಚಿಕೆಯಾಗುತ್ತದೆ. ಒಂದೊಂದು ಸಂದಿಗೂ ಹೆಚ್ಚುವರಿ 19 ಪಾಯಿಂಟ್. ಪದ ಪದದ ನಡುವೆ ಎರಡೆರಡು ಅಕ್ಷರ ಕೂರುವಷ್ಟು ಹೊಂಡ! ಬಲ ಅಂಚು ಮಾತ್ರ ಗೆರೆ ಎಳೆದ ಹಾಗೆ ನೇರ.

ಅದೇ ಪದವನ್ನು "ಮಾಡಬೇಕಾಗಿರು-" ಎಂದು ಆರು ಅಕ್ಷರಕ್ಕೆ ಮುರಿದು ನೋಡಿ. ಆರು ಅಕ್ಷರ, ಒಂದು ಹೈಫನ್, ಮುಂಚಿನ ಒಂದು ಸ್ಪೇಸು ಸೇರಿ ಸುಮಾರು 65 ಪಾಯಿಂಟ್. ಉಳಿಯುವುದು 10. ಐದು ಸಂದುಗಳಿಗೆ ತಲಾ 2 ಪಾಯಿಂಟ್. ಓದುವವರಿಗೆ ಗೊತ್ತೂ ಆಗುವುದಿಲ್ಲ.

ಇಂಗ್ಲಿಷಿನಲ್ಲಿ ಪದಗಳು ಚಿಕ್ಕವು, ಸಂದುಗಳು ಜಾಸ್ತಿ. ಉಳಿದ ಜಾಗ ಹತ್ತಾರು ಕಡೆ ಹಂಚಿಹೋಗುತ್ತದೆ. ನಮ್ಮಲ್ಲಿ ವಿಭಕ್ತಿ, ಕ್ರಿಯಾಪದ, ಸಂಧಿ ಎಲ್ಲ ಒಂದಕ್ಕೊಂದು ಅಂಟಿಕೊಂಡು ಪದ ಉದ್ದವಾಗುತ್ತದೆ. ಹಾಗಾಗಿ ಜಸ್ಟಿಫೈ ಮಾಡುವುದಾದರೆ, ಅಂದರೆ ಎರಡೂ ಅಂಚಿಗೆ ಸಮ ನಿಲ್ಲಿಸುವುದಾದರೆ, ಪದ ಮುರಿಯಲೇಬೇಕು. ಪದ ಮುರಿಯಬಾರದು ಅನ್ನುವವರು ಎಡ ಅಂಚು ಮಾತ್ರ ನೇರವಿರುವ ಲೆಫ್ಟ್ ಅಲೈನ್‌ಗೆ ಒಪ್ಪಬೇಕು. ಎರಡೂ ಬೇಡ ಅಂದರೆ ಹೊಂಡ ಖಂಡಿತ.

ಇನ್‌ಡಿಸೈನ್‌ಗೆ ಮೊದಲು ಹೇಳಬೇಕಾದದ್ದು ಇದು ಕನ್ನಡ ಅಂತ. 2012ರ ಸಿಎಸ್6 ಆವೃತ್ತಿಯಿಂದ ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳಿಗೆ ಬೆಂಬಲ ಇದೆ. ಪ್ಯಾರಾಗ್ರಾಫ್ ಸ್ಟೈಲ್ ತೆರೆದು ಜಸ್ಟಿಫಿಕೇಶನ್ ವಿಭಾಗಕ್ಕೆ ಹೋಗಿ. ಅಲ್ಲಿ ಸಾಲು ಮುರಿಯುವ ವಿಧಾನ ಆರಿಸಲು ಕಂಪೋಸರ್ ಅಂತ ಒಂದು ಆಯ್ಕೆ ಇದೆ. "ವರ್ಲ್ಡ್ ರೆಡಿ ಪ್ಯಾರಾಗ್ರಾಫ್ ಕಂಪೋಸರ್" ಆರಿಸಿ. ಇದಿಲ್ಲದಿದ್ದರೆ ಯೂನಿಕೋಡ್ ಕನ್ನಡದ ಒತ್ತು, ಗುಣಿತ ಸರಿಯಾಗಿ ಕೂರುವುದಿಲ್ಲ. ಸ್ಕ್ರಿಪ್ಟ್ಸ್ ಪ್ಯಾನೆಲ್‌ನಲ್ಲಿ "ಇಂಡಿಕ್ ಪ್ರಿಫರೆನ್ಸಸ್" ಎಂಬ ಪುಟ್ಟ ಸ್ಕ್ರಿಪ್ಟ್ ಇರುತ್ತದೆ. ಅದನ್ನು ಒಮ್ಮೆ ಓಡಿಸಿದರೆ ಇದೆಲ್ಲ ತಾನೇ ಹೊಂದಿಸಿಕೊಳ್ಳುತ್ತದೆ. ಆಮೇಲೆ ಅದೇ ಸ್ಟೈಲಿನಲ್ಲಿ ಭಾಷೆಯನ್ನು ಕನ್ನಡ ಮಾಡಿ. ಇಷ್ಟು ಮಾಡದೆ ಹೈಫನೇಶನ್ (ಸಾಲಿನ ತುದಿಯಲ್ಲಿ ಪದ ಮುರಿಯುವುದು) ಆನ್ ಮಾಡಿದರೆ ಉಪಯೋಗವಿಲ್ಲ. ಅದು ಇಂಗ್ಲಿಷ್ ನಿಯಮದಲ್ಲೇ ಕನ್ನಡ ಪದ ನೋಡುತ್ತಿರುತ್ತದೆ.

ಇಲ್ಲೊಂದು ಎಚ್ಚರಿಕೆ. ನುಡಿ, ಶ್ರೀಲಿಪಿಯ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲು ಬಂದರೆ ಹೈಫನೇಶನ್ ಪೂರ್ತಿ ಆಫ್ ಮಾಡಿ. ನಮ್ಮ ಕಣ್ಣಿಗೆ ಅದು ಕನ್ನಡ, ಸಾಫ್ಟ್‌ವೇರ್‌ಗೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು. ಅಕ್ಷರ ಒಂದು ಸಾಲಿನ ತುದಿಗೆ, ಅದರ ಒತ್ತು ಮುಂದಿನ ಸಾಲಿನ ತಲೆಗೆ ಬಂದು ಕೂರುತ್ತದೆ. ಎಷ್ಟೋ ಮುದ್ರಿತ ಪುಸ್ತಕಗಳಲ್ಲಿ ಇದನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ. ಆದಷ್ಟು ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿಯೇ ಕೆಲಸ ಶುರು ಮಾಡಿ. ಲೇಖಕರ ಬಳಿ ಅದಕ್ಕೆ ಎರಡು ದಿನ ಜಾಸ್ತಿ ಕೇಳಿದರೂ ತಪ್ಪಿಲ್ಲ.

ಈಗ ಈ ಸಾಫ್ಟ್‌ವೇರಿನ ನಿಜವಾದ ಶಕ್ತಿಗೆ ಬರೋಣ. ಪೇಜ್‌ಮೇಕರ್ ಒಂದೊಂದೇ ಸಾಲು ನೋಡಿ ಮುರಿಯುತ್ತಿತ್ತು. ಈ ಸಾಲು ತುಂಬಿತಾ, ಸರಿ, ಮುಂದಿನದು. ಇನ್‌ಡಿಸೈನ್‌ನ ಪ್ಯಾರಾಗ್ರಾಫ್ ಕಂಪೋಸರ್ ಇಡೀ ಪ್ಯಾರಾ ನೋಡುತ್ತದೆ. ಎರಡನೇ ಸಾಲಿನಲ್ಲಿ ಒಂದು ಪದ ಕೆಳಗೆ ಬಿಟ್ಟರೆ ಐದನೇ ಸಾಲಿನ ಹೊಂಡ ಮುಚ್ಚುತ್ತದೆ ಅಂದರೆ ಹಾಗೇ ಮಾಡುತ್ತದೆ. ಹೀಗೆ ಇಡೀ ಪ್ಯಾರಾ ಲೆಕ್ಕಕ್ಕೆ ತೆಗೆದುಕೊಂಡು ಸಾಲು ಮುರಿಯುವ ವಿಧಾನವನ್ನು ಡೊನಾಲ್ಡ್ ನೂಥ್ ಮತ್ತು ಮೈಕೆಲ್ ಪ್ಲಾಸ್ 1981ರಲ್ಲೇ ಬರೆದು ಪ್ರಕಟಿಸಿದ್ದರು. ನೂಥ್ ಅವರ ಟೆಕ್ ಎಂಬ ಉಚಿತ ಸಾಫ್ಟ್‌ವೇರ್ ಕೆಲಸ ಮಾಡುವುದು ಅದರ ಮೇಲೆಯೇ. ಅದೇ ಬಗೆಯ ಯೋಚನೆಯನ್ನು ಮೌಸ್ ಹಿಡಿದು ಕೆಲಸ ಮಾಡುವ ನಮ್ಮಂಥವರ ಕೈಗೆ ತಂದುಕೊಟ್ಟಿದ್ದಕ್ಕೆ ನಾನು ಇನ್‌ಡಿಸೈನ್‌ಗೆ ಋಣಿ.

ಪ್ರೂಫ್ ತಿದ್ದುವವರು ಒಂದು ಮಾತು ನೆನಪಿಡಬೇಕು. ಪ್ಯಾರಾದ ಕೊನೆಯಲ್ಲಿ ಒಂದು ಪದ ತಿದ್ದಿದರೂ ಮೇಲಿನ ಸಾಲುಗಳು ಕದಲಬಹುದು. ಹಾಗಾಗಿ ತಿದ್ದಿದ ಪದವನ್ನಷ್ಟೇ ನೋಡಿ ಸುಮ್ಮನಾಗಬೇಡಿ, ಇಡೀ ಪ್ಯಾರಾ ಮತ್ತೆ ನೋಡಿ.

ಇನ್ನು ಅಂಕಿಗಳು. ಪದಗಳ ನಡುವಿನ ಜಾಗಕ್ಕೆ ಮೊದಲಿಂದ ಇರುವುದು ಕನಿಷ್ಠ 80, ಬೇಕಾದ್ದು 100, ಗರಿಷ್ಠ 133 ಶೇಕಡಾ. ನಾನು 70, 95, 140 ಇಡುತ್ತೇನೆ. ಸಂದುಗಳು ಕಡಿಮೆ ಇರುವ ಕನ್ನಡಕ್ಕೆ ಎರಡೂ ಕಡೆ ಸ್ವಲ್ಪ ಸಡಿಲ ಬೇಕು. ಗರಿಷ್ಠ ಇಷ್ಟು ಅಂತ ಹೇಳಿದರೂ ಬೇರೆ ದಾರಿ ಇಲ್ಲದಿದ್ದಾಗ ಅದು ಮೀರಿಯೇ ಹೋಗುತ್ತದೆ, ನೆನಪಿರಲಿ. ಅಕ್ಷರಗಳ ನಡುವಿನ ಜಾಗ ಮೂರೂ ಕಡೆ 0. ಇದನ್ನು ಮುಟ್ಟಬೇಡಿ. ಕನ್ನಡದ ಅಕ್ಷರ ಬಿಡಿ ತುಣುಕುಗಳು ಕೂಡಿ ಆದದ್ದು, ಅದನ್ನು ಎಳೆದರೆ ಓದುವುದು ಕಷ್ಟ. ಗ್ಲಿಫ್ ಸ್ಕೇಲಿಂಗ್ ಅಂದರೆ ಅಕ್ಷರವನ್ನೇ ಚೂರು ಅಗಲ ಅಥವಾ ಕಿರಿದು ಮಾಡುವುದು. ಅದು 98, 100, 102. ಶೇಕಡಾ ಎರಡರಷ್ಟು ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಆದರೆ ಎಷ್ಟೋ ಸಾಲುಗಳನ್ನು ಉಳಿಸುತ್ತದೆ. 95ಕ್ಕೆ ಇಳಿಸಿದರೆ ಒಂದು ಸಾಲು ಸೊರಗಿದ ಹಾಗೆ, ಪಕ್ಕದ ಸಾಲು ಊದಿಕೊಂಡ ಹಾಗೆ ಕಾಣುತ್ತದೆ.

ಈ ಅಂಕಿಗಳು ಫಾಂಟ್ ಬದಲಾದರೆ ಬದಲಾಗುತ್ತವೆ. ಸ್ಪೇಸಿನ ಅಗಲ ಎಲ್ಲ ಫಾಂಟಿನಲ್ಲೂ ಒಂದೇ ಅಲ್ಲ. ನೋಟೋ ಸೆರಿಫ್ ಕನ್ನಡಕ್ಕೆ ಹೊಂದಿಸಿದ್ದನ್ನು ಹಾಗೇ ತಿರೋ ಕನ್ನಡಕ್ಕೆ ಹಾಕಬೇಡಿ. ಹೊಸ ಫಾಂಟ್ ಬಂದಾಗ ಎರಡು ಪುಟ ಹಾಕಿ ನೋಡಿ, ಆಮೇಲೆ ಮುಂದುವರಿಯಿರಿ.

ಹೈಫನೇಶನ್ ಪೆಟ್ಟಿಗೆಯಲ್ಲಿ ಮೊದಲ ಎಷ್ಟು ಅಕ್ಷರದ ನಂತರ, ಕೊನೆಯ ಎಷ್ಟು ಅಕ್ಷರದ ಮುಂಚೆ ಮುರಿಯಬಹುದು ಎಂದು ಕೇಳುತ್ತದೆ. ಎರಡೂ ಕಡೆ 2 ಇರುತ್ತದೆ. ಸಾಲಿನ ತುದಿಯಲ್ಲಾಗಲಿ ತಲೆಯಲ್ಲಾಗಲಿ ಒಂದೇ ಅಕ್ಷರ ಒಂಟಿಯಾಗಿ ನಿಲ್ಲದಿರುವ ತನಕ ಅದನ್ನು ಏರಿಸಿ. "ಅ-" ಎಂದು ಒಂದು ಸಾಲು ಮುಗಿದು "ಕ್ಕಪಕ್ಕ" ಎಂದು ಇನ್ನೊಂದು ಶುರುವಾದರೆ ಓದುವವರು ಎಡವುತ್ತಾರೆ. ಸಾಲಾಗಿ ಎಷ್ಟು ಸಾಲುಗಳ ತುದಿಗೆ ಹೈಫನ್ ಬರಬಹುದು ಅನ್ನುವುದಕ್ಕೆ ನಾನು 2 ಇಡುತ್ತೇನೆ. ಮುರಿಯುವ ಜಾಗ ಇಷ್ಟವಾಗದಿದ್ದರೆ ನಮಗೆ ಬೇಕಾದ ಕಡೆ ಕರ್ಸರ್ ಇಟ್ಟು ಕಂಟ್ರೋಲ್, ಶಿಫ್ಟ್, ಹೈಫನ್ ಒತ್ತಬೇಕು. ಮುಂದೆ ಸಾಲು ಬದಲಾಗಿ ಪದ ಮಧ್ಯಕ್ಕೆ ಬಂದರೆ ಆ ಹೈಫನ್ ತಾನಾಗಿ ಮಾಯವಾಗುತ್ತದೆ. ಕೀಬೋರ್ಡಿನ ಮಾಮೂಲಿ ಹೈಫನ್ ಹಾಕಿದರೆ ಅದು ಅಲ್ಲೇ ಉಳಿಯುತ್ತದೆ. ಪುಸ್ತಕಗಳಲ್ಲಿ ಸಾಲಿನ ನಟ್ಟನಡುವೆ "ಕಾರ್ಯ-ಕ್ರಮ" ಎಂದು ಕಾಣುತ್ತದಲ್ಲ, ಅದು ಬರುವುದು ಹೀಗೆ.

ನನಗೆ ಬಹಳ ಇಷ್ಟವಾದ ಸೌಲಭ್ಯ ಇನ್ನೊಂದಿದೆ. ಪ್ರಿಫರೆನ್ಸಸ್‌ನ ಕಂಪೋಸಿಶನ್ ವಿಭಾಗದಲ್ಲಿ "ಎಚ್ ಆ್ಯಂಡ್ ಜೆ ವಯಲೇಶನ್ಸ್" ಎಂಬುದಕ್ಕೆ ಟಿಕ್ ಹಾಕಿ. ನಾವು ಕೊಟ್ಟ ಅಳತೆ ಮೀರಿದ ಸಾಲುಗಳ ಮೇಲೆಲ್ಲ ಹಳದಿ ಬಣ್ಣ ಬೀಳುತ್ತದೆ. ಮೀರಿದ್ದು ಹೆಚ್ಚಾದಷ್ಟೂ ಹಳದಿ ಗಾಢ. ಮುನ್ನೂರು ಪುಟದ ಪುಸ್ತಕದಲ್ಲಿ ಹೊಂಡ ಹುಡುಕುತ್ತಾ ಕೂರಬೇಕಾಗಿಲ್ಲ. ಪುಟ ತಿರುವುತ್ತಾ ಹೋದರೆ ಸಾಕು, ಯಾವ ಸಾಲಿಗೆ ಕೈ ಹಾಕಬೇಕು ಅಂತ ಅದೇ ತೋರಿಸುತ್ತದೆ. ಈ ಒಂದು ಸೌಲಭ್ಯ ಎಷ್ಟೋ ಡಿಟಿಪಿಯವರಿಗೆ ಗೊತ್ತೇ ಇಲ್ಲ, ಅದೇ ಬೇಸರ.

ನನ್ನ ಮಾವ ಅಚ್ಚುಕೂಟದಲ್ಲಿ ಮೊಳೆ (ಲೋಹದ ಅಕ್ಷರ) ಜೋಡಿಸುತ್ತಿದ್ದವರು. ಆಗ ಸಾಲನ್ನು ಎರಡೂ ಅಂಚಿಗೆ ತುಂಬಿಸುವುದು ಬರೀ ಅಂದಕ್ಕಾಗಿರಲಿಲ್ಲ. ಸಾಲು ಸಡಿಲವಿದ್ದರೆ ಚೌಕಟ್ಟು ಎತ್ತುವಾಗ ಮೊಳೆಗಳು ಉದುರುತ್ತಿದ್ದವು. ಕವಿತೆಯ ಗಿಡ್ಡ ಸಾಲಿಗೂ ಬಲಗಡೆ ಖಾಲಿ ಲೋಹದ ತುಂಡುಗಳನ್ನು ತುಂಬಿಯೇ ಬಿಗಿ ಮಾಡಬೇಕಿತ್ತು. ಸ್ಟಿಕ್ ಎಂಬ ಕೈಪಟ್ಟಿಯಲ್ಲಿ ಸಾಲು ಜೋಡಿಸುವಾಗ ಪದಗಳ ನಡುವೆ ತೆಳು ಸ್ಪೇಸು, ದಪ್ಪ ಸ್ಪೇಸು ಬದಲಿಸಿ ಬದಲಿಸಿ ಬೆರಳಲ್ಲೇ ಸಮ ಮಾಡುತ್ತಿದ್ದರು. "ಸಂದು ಕಣ್ಣಿಗೆ ಹೊಡೀಬಾರದವ್ವಾ, ಪದ ಒಡದರ ಒಡೀಲಿ" ಎಂದು ಈಗಲೂ ನನ್ನ ಸ್ಕ್ರೀನ್ ನೋಡಿ ಹೇಳುತ್ತಾರೆ. ಮೇಲೆ ಬರೆದ ಅಂಕಿಗಳನ್ನೆಲ್ಲ ನಾನು ಇಟ್ಟುಕೊಂಡದ್ದು ಆ ಮಾತಿನ ಮೇಲೆಯೇ.

ಎಲ್ಲ ಕಡೆ ಜಸ್ಟಿಫೈ ಮಾಡಬೇಕಾಗಿಯೂ ಇಲ್ಲ. ಎ4 ಅಳತೆಯ ಸ್ಮರಣ ಸಂಚಿಕೆಯಲ್ಲಿ ಮೂರು ಕಾಲಂ ಮಾಡಿದರೆ ಒಂದು ಸಾಲಿಗೆ ಮೂರು ನಾಲ್ಕು ಪದ ಸಿಗುತ್ತವೆ. ಸಂದು ಎರಡೋ ಮೂರೋ. ಎಂಥ ಕಂಪೋಸರ್ ಇದ್ದರೂ ಅಲ್ಲಿ ಏನೂ ಮಾಡಲಾಗದು. ಇಂಥ ಕಡೆ ಲೆಫ್ಟ್ ಅಲೈನ್ ಮಾಡಿ, ಹೈಫನೇಶನ್ ಸ್ವಲ್ಪ ಇರಲಿ, ಕಾಲಂಗಳ ನಡುವೆ ಸಣ್ಣ ಗೆರೆ ಹಾಕಿ. ಇಲ್ಲವೇ ಎರಡೇ ಕಾಲಂ ಮಾಡಿ.

ಇದಕ್ಕೆ ಲೇಖಕರನ್ನು ಒಪ್ಪಿಸುವುದೇ ದೊಡ್ಡ ಕೆಲಸ. ನಿವೃತ್ತ ಮೇಷ್ಟ್ರೊಬ್ಬರು ಪ್ರೂಫ್ ನೋಡಿ, "ಮೇಡಂ, ಇದ್ಯಾಕ್ರೀ ಬಲಗಡೆ ಹಲ್ಲು ಮುರದಂಗ ಕಾಣಾಕತ್ತೇತಿ? ಮಂದಿ ಏನಂತಾರ?" ಎಂದರು. ನಾನು ಅದೇ ಲೇಖನವನ್ನು ಜಸ್ಟಿಫೈ ಮಾಡಿ ಇನ್ನೊಂದು ಪ್ರತಿ ತೆಗೆದುಕೊಟ್ಟೆ. "ಸರ್, ಎರಡನ್ನೂ ಒಂದೊಂದು ಸಲ ಗಟ್ಟಿಯಾಗಿ ಓದ್ರಿ, ಆಮೇಲೆ ಹೇಳ್ರಿ" ಅಂದೆ. ಜಸ್ಟಿಫೈ ಮಾಡಿದ್ದನ್ನು ಓದುವಾಗ ಪದದಿಂದ ಪದಕ್ಕೆ ಹಾರುತ್ತಾ ನಡುನಡುವೆ ತಡೆದರು. ಕೊನೆಗೆ ಕನ್ನಡಕ ತೆಗೆದು, "ಹಲ್ಲು ಮುರದದ್ದ ಇರ್ಲಿ ಬಿಡ್ರೀ" ಎಂದರು. ಸಂಚಿಕೆ ಹಾಗೇ ಅಚ್ಚಾಯಿತು.

ಕವಿತೆಗೆ ಯಾವಾಗಲೂ ಲೆಫ್ಟ್ ಅಲೈನ್. ವಚನ, ಕೀರ್ತನೆಗಳನ್ನು ಸೆಂಟರ್ ಮಾಡುವ ಅಭ್ಯಾಸ ನಮ್ಮಲ್ಲಿ ಬಹಳ. ಲಗ್ನಪತ್ರಿಕೆಗೆ ಸೆಂಟರ್ ಚೆಂದ, ಸಾಲು ಗಿಡ್ಡವಿರುತ್ತದೆ, ಒಂದೇ ನೋಟಕ್ಕೆ ಓದಿ ಮುಗಿಯುತ್ತದೆ. ಕವಿತೆಯಲ್ಲಿ ಕಣ್ಣು ಪ್ರತಿ ಸಾಲಿನ ಆರಂಭವನ್ನು ಹುಡುಕಬೇಕಾಗುತ್ತದೆ, ಲಯ ಕೈತಪ್ಪುತ್ತದೆ. ಉದ್ದ ಸಾಲು ಪುಟಕ್ಕೆ ಹಿಡಿಸದೆ ಮುರಿದರೆ ಆ ಮುರಿದ ತುಣುಕು ಮಾತ್ರ ಒಳಗೆ ಸರಿದು ಕೂರುವಂತೆ ಹ್ಯಾಂಗಿಂಗ್ ಇಂಡೆಂಟ್ ಕೊಡಿ. ಕವಿ ಮುರಿದ ಸಾಲು ಯಾವುದು, ಪುಟ ಮುರಿದ ಸಾಲು ಯಾವುದು ಎಂದು ಓದುವವರಿಗೆ ತಿಳಿಯಬೇಕು.

ಗದ್ಯದ ನಡುವೆ ಪತ್ರ ಅಥವಾ ಹಾಡಿನ ಸಾಲು ಬಂದಾಗ ಶಿಫ್ಟ್ ಎಂಟರ್ ಒತ್ತಬೇಡಿ. ಜಸ್ಟಿಫೈ ಇದ್ದ ಪ್ಯಾರಾದಲ್ಲಿ ಹಾಗೆ ಮಾಡಿದರೆ ಎರಡೇ ಪದದ ಸಾಲೂ ಈ ಅಂಚಿನಿಂದ ಆ ಅಂಚಿಗೆ ಎಳೆದುಕೊಂಡು ನಿಲ್ಲುತ್ತದೆ. ಅದಕ್ಕೆ ಬೇರೆಯೇ ಸ್ಟೈಲ್ ಮಾಡಿಕೊಳ್ಳಿ. ಕಂಟ್ರೋಲ್ ಶಿಫ್ಟ್ ಜೆ ಮತ್ತು ಕಂಟ್ರೋಲ್ ಶಿಫ್ಟ್ ಎಫ್ ಕೂಡ ಅದಲು ಬದಲು ಮಾಡಬೇಡಿ. ಮೊದಲನೆಯದು ಪ್ಯಾರಾದ ಕೊನೆಯ ಸಾಲನ್ನು ಎಡಕ್ಕೆ ಬಿಡುತ್ತದೆ, ಎರಡನೆಯದು ಅದನ್ನೂ ಎಳೆಯುತ್ತದೆ.

"ಡಾ." ಮತ್ತು ಹೆಸರು, "ಪುಟ" ಮತ್ತು ಅಂಕಿ, "ರೂ." ಮತ್ತು ಮೊತ್ತ ಬೇರೆ ಬೇರೆ ಸಾಲಿಗೆ ಹೋಗದಂತೆ ನಡುವೆ ಮುರಿಯದ ಸ್ಪೇಸು ಹಾಕಬೇಕು. ಅದರಲ್ಲಿ ಎರಡು ಬಗೆ ಇದೆ. ಒಂದು ಸಾಲಿನ ಜೊತೆ ಹಿಗ್ಗುತ್ತದೆ, ಇನ್ನೊಂದು ಅಗಲ ಬದಲಿಸದೆ ಹಾಗೇ ನಿಲ್ಲುತ್ತದೆ. ಇನಿಷಿಯಲ್‌ಗಳ ನಡುವೆ ಎರಡನೆಯದೇ ಚೆಂದ. ಪರಿವಿಡಿಗೆ ಚುಕ್ಕಿ ಒತ್ತಿ ಒತ್ತಿ ಅಂಕಿ ಹೊಂದಿಸುವವರು ಇನ್ನೂ ಇದ್ದಾರೆ. ಬಲಕ್ಕೆ ನಿಲ್ಲುವ ಒಂದು ಟ್ಯಾಬ್ ಹಾಕಿ ಲೀಡರ್‌ನಲ್ಲಿ ಚುಕ್ಕಿ ಕೊಟ್ಟರೆ ಎಲ್ಲ ಅಂಕಿಗಳೂ ಒಂದೇ ಗೆರೆಗೆ ಬರುತ್ತವೆ. ಎರಡು ಸಾಲಿನ ಶೀರ್ಷಿಕೆಗಳಿಗೆ "ಬ್ಯಾಲೆನ್ಸ್ ರ‍್ಯಾಗಡ್ ಲೈನ್ಸ್" ಆನ್ ಮಾಡಿ. ಮೇಲೆ ಆರು ಪದ, ಕೆಳಗೆ ಒಂದೇ ಪದ ಎಂಬಂತಾಗುವುದು ತಪ್ಪುತ್ತದೆ.

ಅಡ್ಡ ಅಲೈನ್‌ಮೆಂಟ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಉದ್ದದ್ದನ್ನು ಮರೆಯುತ್ತಾರೆ. ಇನ್‌ಡಿಸೈನ್‌ನಲ್ಲಿ ಸಾಲಿನ ಅಂತರ ತಾನಾಗಿ ಅಕ್ಷರದ ಶೇಕಡಾ 120 ಇರುತ್ತದೆ. 12 ಪಾಯಿಂಟಿಗೆ 14.4. ಕನ್ನಡಕ್ಕೆ ಇದು ಸಾಲದು. "ರಾಷ್ಟ್ರ", "ಸ್ತ್ರೀ" ಬಂದ ಕಡೆ ಎರಡೆರಡು ಒತ್ತು ಕೆಳಗಿಳಿದು ಮುಂದಿನ ಸಾಲಿನ ಗುಡಿಸಿಗೆ ತಾಗುತ್ತವೆ. ನಾನು 17 ಅಥವಾ 18 ಇಡುತ್ತೇನೆ. ಆ ಅಂತರವನ್ನೇ ಬೇಸ್‌ಲೈನ್ ಗ್ರಿಡ್‌ಗೂ (ಸಾಲುಗಳು ಕೂರುವ ಅಡ್ಡಗೆರೆಗಳಿಗೂ) ಕೊಟ್ಟು ಪಠ್ಯವನ್ನು ಅದಕ್ಕೆ ಹೊಂದಿಸುತ್ತೇನೆ. ಆಗ ಎಡಪುಟದ ಹತ್ತನೇ ಸಾಲು, ಬಲಪುಟದ ಹತ್ತನೇ ಸಾಲು ಒಂದೇ ಎತ್ತರದಲ್ಲಿ ನಿಲ್ಲುತ್ತವೆ. 70 ಜಿಎಸ್‌ಎಂ ಕಾಗದದಲ್ಲಿ ಹಿಂಬದಿಯ ಅಚ್ಚು ಮಸುಕಾಗಿ ಮುಂದೆ ಕಾಣುವುದು ಸಹಜ. ಎರಡೂ ಬದಿಯ ಸಾಲುಗಳು ಒಂದರ ಹಿಂದೆ ಒಂದು ಬಿದ್ದರೆ ಆ ಮಸುಕು ಅಕ್ಷರದ ಹಿಂದೆಯೇ ಅಡಗುತ್ತದೆ, ಸಾಲುಗಳ ನಡುವೆ ಬೂದಿ ಬಣ್ಣ ಇಣುಕುವುದಿಲ್ಲ. ಪುಸ್ತಕ ಸ್ವಚ್ಛವಾಗಿ ಕಾಣುತ್ತದೆ. ಅಚ್ಚು ಹಾಕುವವರು ಎರಡೂ ಬದಿ ಸರಿ ಹೊಂದಿಸಿ ಹಾಕಬೇಕು ಅನ್ನುವುದಂತೂ ಇದ್ದೇ ಇದೆ.

ಸ್ಟೋರಿ ಪ್ಯಾನೆಲ್‌ನ ಆಪ್ಟಿಕಲ್ ಮಾರ್ಜಿನ್ ಕೂಡ ಒಮ್ಮೆ ಆನ್ ಮಾಡಿ ನೋಡಿ. ಸಾಲಿನ ತುದಿಯ ಹೈಫನ್, ಪೂರ್ಣವಿರಾಮ, ಉದ್ಧರಣ ಚಿಹ್ನೆಗಳನ್ನು ಅಂಚಿನಿಂದ ಚೂರು ಹೊರಗೆ ತಳ್ಳುತ್ತದೆ. ಅಳೆದರೆ ಅಂಚು ನೇರವಿರುವುದಿಲ್ಲ, ಕಣ್ಣಿಗೆ ಮಾತ್ರ ಮೊದಲಿಗಿಂತ ನೇರವಾಗಿ ಕಾಣುತ್ತದೆ.

ದುಡ್ಡಿನ ವಿಷಯ. ಇದು ಒಮ್ಮೆ ಕೊಂಡು ಇಟ್ಟುಕೊಳ್ಳುವ ಸಾಫ್ಟ್‌ವೇರ್ ಅಲ್ಲ, ಚಂದಾ ಕಟ್ಟುತ್ತಿರಬೇಕು. ತಿಂಗಳಿಗೆ ಒಂದು ಪುಸ್ತಕವಾದರೂ ಮಾಡುವವರಿಗೆ ಯೋಗ್ಯ ಅಂತಲೇ ಹೇಳುತ್ತೇನೆ. ಅಷ್ಟು ಕೆಲಸ ಇಲ್ಲದವರಿಗೆ ಸ್ಕ್ರೈಬಸ್ ಉಚಿತ. ಅದರ 1.6 ಆವೃತ್ತಿ 2024ರ ಜನವರಿಯಲ್ಲಿ ಬಂತು, ಯೂನಿಕೋಡ್ ಕನ್ನಡ ಅದರಲ್ಲಿ ಸರಿಯಾಗಿ ಮೂಡುತ್ತದೆ. ಇಡೀ ಪ್ಯಾರಾ ನೋಡುವ ಕಂಪೋಸರ್ ಅದರಲ್ಲಿಲ್ಲ. ಲೆಫ್ಟ್ ಅಲೈನ್ ಇರುವ ಕವನ ಸಂಕಲನಕ್ಕೆ ಅದು ಬೇಕಾಗಿಯೂ ಇಲ್ಲ. ವರ್ಷಕ್ಕೆ ಒಂದೆರಡು ಗದ್ಯ ಪುಸ್ತಕ ಮಾಡುವವರು ಪಠ್ಯ ತಿದ್ದಿ ಮುಗಿಸಿಕೊಂಡು ಒಂದು ತಿಂಗಳ ಚಂದಾ ಮಾತ್ರ ತೆಗೆದುಕೊಳ್ಳಬಹುದು. ಅವಧಿ ಮುಗಿಯುವ ಮುಂಚೆ ಮುದ್ರಣದ ಪಿಡಿಎಫ್ ಜೊತೆಗೆ ಐಡಿಎಂಎಲ್ ಎಂಬ ಬಗೆಯ ಫೈಲನ್ನೂ ಉಳಿಸಿಕೊಳ್ಳಿ. ಅದನ್ನು ಸ್ಕ್ರೈಬಸ್ ಕೂಡ ತೆರೆಯುತ್ತದೆ. ಸಾಲುಗಳು ಮಾತ್ರ ಬೇರೆ ಕಡೆ ಮುರಿದಿರುತ್ತವೆ, ಆದ್ದರಿಂದ ಎರಡನೇ ಮುದ್ರಣಕ್ಕೆ ತಿದ್ದುಪಡಿ ಇಲ್ಲದಿದ್ದರೆ ಆ ಪಿಡಿಎಫ್ ಅನ್ನೇ ಪ್ರೆಸ್ಸಿಗೆ ಕೊಡಿ.